ಲಾಟಿನ ಬೆಲೆಯನ್ನು ಯಾರು ಹೇಳಬೇಕು? ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕುರಿತು ಒಂದು ಉಪನ್ಯಾಸ

ರಾಯಚೂರಿನಲ್ಲಿ ನಡೆದ ಸಾಫ್ಟ್‌ವೇರ್ ಡೆವಲಪರ್‌ಗಳ ಸಮಾವೇಶವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಈ ಸಭಾಂಗಣದಲ್ಲಿ ಎರಡು ಬಗೆಯ ಕೇಳುಗರಿದ್ದೀರಿ. ಜಾವಾ ಭಾಷೆಯ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಆಬ್ಜೆಕ್ಟ್ ಎಂಬ ಘಟಕಗಳಲ್ಲಿ ಒಟ್ಟಿಗಿಟ್ಟು ಪ್ರೋಗ್ರಾಂ ಕಟ್ಟುವ ಪದ್ಧತಿ) ಓದಿ ಪರೀಕ್ಷೆ ಬರೆದು ಬಂದಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಕಡೆ. ರಾಯಚೂರು, ಸಿಂಧನೂರು, ಮಾನ್ವಿ, ಗಂಗಾವತಿಗಳ ಜಿನ್ನಿಂಗ್ ಮಿಲ್ಲು, ರೈಸ್ ಮಿಲ್ಲು, ಅಡತಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಅದರಿಂದಲೇ ಜೀವನ ನಡೆಸುತ್ತಿರುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಅಬ್‌ಸ್ಟ್ರಾಕ್ಷನ್, ಎನ್‌ಕ್ಯಾಪ್ಸುಲೇಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ನಾಲ್ಕು ಹೆಸರುಗಳು ಕಂಠಪಾಠವಾಗಿವೆ. ಎರಡನೆಯವರು ಆ ಹೆಸರುಗಳನ್ನು ಮರೆತಿದ್ದಾರೆ, ಆದರೆ ಸುಗ್ಗಿಯ ಹೊತ್ತಿಗೆ ಸರ್ಕಾರದ ಒಂದು ನಿಯಮ ಬದಲಾದರೆ ಎಷ್ಟು ಫೈಲುಗಳನ್ನು ತೆರೆದು ತಿದ್ದಬೇಕಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ಈ ಎರಡು ತಿಳಿವಳಿಕೆಗಳ ನಡುವಿನ ಕೊಂಡಿ ನಮ್ಮ ತರಗತಿಗಳಲ್ಲಿ ಎಲ್ಲೋ ಕಳಚಿಕೊಂಡಿದೆ. ಮುಂದೆ ಬದಲಾಗಬಹುದಾದ ಒಂದು ನಿರ್ಧಾರವನ್ನು ಉಳಿದ ಪ್ರೋಗ್ರಾಮಿನಿಂದ ಮರೆಮಾಡುವುದಕ್ಕೆ ಇರುವ ಜಾಗವೇ ಆಬ್ಜೆಕ್ಟ್ ಎಂಬುದು ನನ್ನ ವಾದ. ಆಬ್ಜೆಕ್ಟುಗಳು ಪರಸ್ಪರ ಏನನ್ನು ಕೇಳಿಕೊಳ್ಳುತ್ತವೆ ಎಂಬುದು ಎರಡನೆಯ ಪ್ರಶ್ನೆ, ಇನ್‌ಹೆರಿಟೆನ್ಸ್ (ಒಂದರ ಗುಣಗಳನ್ನು ಇನ್ನೊಂದು ಪಡೆದುಕೊಳ್ಳುವುದು) ಬಹಳ ತಡವಾಗಿ ಬರಬೇಕಾದ ಮೂರನೆಯ ಪ್ರಶ್ನೆ. ನಾವು ಕಲಿಸುವಾಗ ಈ ಸರದಿಯನ್ನು ತಲೆಕೆಳಗು ಮಾಡಿದ್ದೇವೆ.

ಆದ್ದರಿಂದ ತರಗತಿಗಳಲ್ಲಿ ಹೇಳುವ ಪ್ರಾಣಿ ಎಂಬ ಕ್ಲಾಸು (ಆಬ್ಜೆಕ್ಟುಗಳನ್ನು ಹುಟ್ಟಿಸುವ ಅಚ್ಚು), ಅದರಿಂದ ಹುಟ್ಟುವ ನಾಯಿ, ಬೆಕ್ಕುಗಳ ಉದಾಹರಣೆಯನ್ನು ಇವತ್ತು ಬಳಸುವುದಿಲ್ಲ. ಬೊಗಳುವ ಮೆಥಡ್ (ಆಬ್ಜೆಕ್ಟ್ ಮಾಡಬಲ್ಲ ಒಂದು ಕೆಲಸ) ಇರುವ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ಕೊಂಡ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಇಲ್ಲಿರುವ ಬಹುತೇಕರಿಗೆ ಗೊತ್ತಿರುವ ಎಪಿಎಂಸಿ ಯಾರ್ಡಿನ ವ್ಯವಹಾರವನ್ನೇ ಎತ್ತಿಕೊಳ್ಳುತ್ತೇನೆ. ರೈತ ಹತ್ತಿಯನ್ನೋ ಭತ್ತವನ್ನೋ ತರುತ್ತಾನೆ, ಒಟ್ಟಿಗೆ ಮಾರಾಟಕ್ಕಿಟ್ಟ ಆ ಮಾಲು ಒಂದು ಲಾಟ್, ಅದಕ್ಕೆ ಒಂದು ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ಟೆಂಡರ್ ಹಾಕುತ್ತಾರೆ, ಹೆಚ್ಚಿನ ದರ ಘೋಷಣೆಯಾಗುತ್ತದೆ, ರೈತ ಒಪ್ಪಿದರೆ ತೂಕವಾಗಿ ಬಿಲ್ ಆಗುತ್ತದೆ. ಒಪ್ಪದಿದ್ದರೆ ಆ ದಿನದ ವ್ಯಾಪಾರ ಅಲ್ಲಿಗೆ ನಿಲ್ಲುತ್ತದೆ.

ಇದಕ್ಕೆ ನಾವು ಸಾಮಾನ್ಯವಾಗಿ ಬರೆಯುವ ಪ್ರೋಗ್ರಾಂ ಹೇಗಿರುತ್ತದೆ? ಲಾಟ್ ಎಂಬ ಒಂದು ಕ್ಲಾಸು ಇರುತ್ತದೆ. ಅದರಲ್ಲಿ ರೈತನ ಹೆಸರು, ಬೆಳೆ, ಚೀಲಗಳ ಸಂಖ್ಯೆ, ತೂಕ, ತೇವಾಂಶ, ದರ ಎಂಬ ಫೀಲ್ಡುಗಳಿರುತ್ತವೆ, ಪ್ರತಿ ಫೀಲ್ಡಿಗೂ ಅದರ ಮೌಲ್ಯವನ್ನು ಓದುವ ಒಂದು ಗೆಟ್ಟರ್, ಬದಲಿಸುವ ಒಂದು ಸೆಟ್ಟರ್ ಇರುತ್ತದೆ. ನಿಜವಾದ ಕೆಲಸವೆಲ್ಲ ಬೇರೆಲ್ಲೋ ಇರುವ ಒಂದು ಉದ್ದನೆಯ ಫಂಕ್ಷನ್ನಿನಲ್ಲಿ ನಡೆಯುತ್ತದೆ. ಬೆಳೆ ಹತ್ತಿಯಾದರೆ ಹೀಗೆ, ಭತ್ತವಾದರೆ ಹಾಗೆ, ತೊಗರಿಯಾದರೆ ಮತ್ತೊಂದು ರೀತಿ ಎಂದು ಆ ಫಂಕ್ಷನ್ ಕವಲೊಡೆಯುತ್ತ ಹೋಗುತ್ತದೆ. ಅದೇ ಕವಲುಗಳು ಬಿಲ್ಲಿನಲ್ಲಿ ಒಮ್ಮೆ, ದಿನವಹಿಯಲ್ಲಿ ಒಮ್ಮೆ, ರೈತನ ಮೊಬೈಲಿಗೆ ಹೋಗುವ ಎಸ್ಸೆಮ್ಮೆಸ್ಸಿನಲ್ಲಿ ಒಮ್ಮೆ, ವರ್ಷದ ಕೊನೆಯ ವರದಿಯಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತವೆ. ಭಾಷೆ ಜಾವಾ ಆಗಿರುವುದರಿಂದ, ಕ್ಲಾಸ್ ಎಂಬ ಪದ ಎಲ್ಲೆಡೆ ಇರುವುದರಿಂದ ಇದನ್ನು ಆಬ್ಜೆಕ್ಟ್ ಓರಿಯೆಂಟೆಡ್ ಎಂದು ಕರೆಯುತ್ತೇವೆ. ಪ್ರೋಗ್ರಾಂ ಕೆಲಸವನ್ನೂ ಮಾಡುತ್ತದೆ. ನಿಯಮ ಬದಲಾದ ದಿನ ಆ ನಾಲ್ಕು ಜಾಗಗಳ ಪೈಕಿ ಮೂರನ್ನು ತಿದ್ದಿ ಒಂದನ್ನು ಮರೆತರೆ ಬಿಲ್ಲಿಗೂ ವರದಿಗೂ ತಾಳೆಯಾಗುವುದಿಲ್ಲ, ಅಷ್ಟೆ.

ಈ ಸಮಸ್ಯೆಗೆ ಉತ್ತರ ಹುಡುಕಿದವರ ಚರಿತ್ರೆಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಇಂದು ನಾವು ಒಟ್ಟಿಗೆ ಕಟ್ಟಿಟ್ಟಿರುವ ವಿಚಾರಗಳು ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಕಾರಣಗಳಿಗೆ ಹುಟ್ಟಿದವು. ಕ್ಲಾಸು, ಆಬ್ಜೆಕ್ಟು, ಒಂದು ಕ್ಲಾಸಿನಿಂದ ಹುಟ್ಟುವ ಸಬ್‌ಕ್ಲಾಸು, ಹಾಗೆ ಹುಟ್ಟಿದ ಕ್ಲಾಸು ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ ವರ್ಚುವಲ್ ಪ್ರೊಸೀಜರ್‌ಗಳು ಒಂದೇ ಭಾಷೆಯಲ್ಲಿ ಮೊದಲು ಸೇರಿಬಂದದ್ದು ನಾರ್ವೆಯ ಸಿಮುಲಾ 67ರಲ್ಲಿ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಉಲ್ಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಅದನ್ನು ರೂಪಿಸಿದರು, ಮುಂದೆ ಕಂಪ್ಯೂಟರ್ ವಿಜ್ಞಾನದ 2001ರ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಒಟ್ಟಾಗಿ ಸಂದಿತು. ಹೆಸರೇ ಹೇಳುವಂತೆ ಅವರ ಮೂಲ ಉದ್ದೇಶ ಸಿಮ್ಯುಲೇಷನ್, ಅಂದರೆ ನಿಜ ಜಗತ್ತಿನ ನಡೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು. ಸೇತುವೆಯ ಟೋಲ್ ಕಟ್ಟೆಯಲ್ಲಿ ಲಾರಿಗಳೂ ಬಸ್ಸುಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಸಾಲಿನಲ್ಲಿ ನಿಲ್ಲುವ ಮಟ್ಟಿಗೆ ಅವೆಲ್ಲ ಒಂದೇ, ಉಳಿದ ಗುಣಗಳಲ್ಲಿ ಬೇರೆ. ಇಂಥ ಸಂದರ್ಭವನ್ನು ಬರೆದು ತೋರಿಸುವ ದಾರಿ ಹುಡುಕುವಾಗ ಸಬ್‌ಕ್ಲಾಸಿನ ಕಲ್ಪನೆ ಅವರಿಗೆ ಹೊಳೆಯಿತು. ಇದನ್ನು ನೆನಪಿಡಿ: ಸಾಲಿಗೆ ಬೇಕಾದ ಸಣ್ಣದೊಂದು ಸಾಮಾನ್ಯ ಭಾಗವನ್ನು ಹಂಚಿಕೊಳ್ಳುವುದು ಅದರ ಉದ್ದೇಶವಾಗಿತ್ತೇ ಹೊರತು ಜಗತ್ತಿನ ಸಕಲ ವಾಹನಗಳ ವಂಶವೃಕ್ಷ ಬರೆಯುವುದಾಗಿರಲಿಲ್ಲ.

ಎರಡನೆಯ ಎಳೆ ಅಮೆರಿಕದ್ದು. ಸಿಮುಲಾವನ್ನು ವಿದ್ಯಾರ್ಥಿಯಾಗಿದ್ದಾಗಲೇ ಕಂಡಿದ್ದ ಅಲನ್ ಕೇ, 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರೊಂದಿಗೆ ಸ್ಮಾಲ್‌ಟಾಕ್ ಭಾಷೆಯನ್ನು ಬೆಳೆಸಿದರು. ಪ್ರತಿ ಆಬ್ಜೆಕ್ಟೂ ತನ್ನಷ್ಟಕ್ಕೆ ತಾನೊಂದು ಪುಟ್ಟ ಕಂಪ್ಯೂಟರ್, ಅವು ಸಂದೇಶಗಳ ಮೂಲಕ ಮಾತ್ರ ವ್ಯವಹರಿಸಬೇಕು ಎಂಬುದು ಅವರ ದೃಷ್ಟಿ. ಆಬ್ಜೆಕ್ಟ್ ಎಂಬ ಹೆಸರೇ ಜನರ ಗಮನವನ್ನು ತಪ್ಪು ಕಡೆ ಎಳೆಯಿತು, ಸಂದೇಶ ಕಳಿಸುವುದೇ ನಿಜವಾದ ದೊಡ್ಡ ವಿಚಾರವಾಗಿತ್ತು ಎಂದು ಅವರು 1998ರಲ್ಲಿ ಇಮೇಲ್ ಚರ್ಚೆಯೊಂದರಲ್ಲಿ ವಿಷಾದಿಸಿದ್ದಾರೆ. ಮೂರನೆಯ ಎಳೆ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರದು. ಸಿಮುಲಾದ ಕ್ಲಾಸುಗಳು ಅವರಿಗೆ ಹಿಡಿಸಿದ್ದವು, ಆದರೆ ಅದರ ವೇಗ ಸಾಲದೆ 1979ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸಿ ಭಾಷೆಗೇ ಕ್ಲಾಸುಗಳನ್ನು ಸೇರಿಸತೊಡಗಿದರು. ಅದು ಸಿ ಪ್ಲಸ್ ಪ್ಲಸ್ ಆಯಿತು, 1995ರಲ್ಲಿ ಹೊರಬಂದ ಜಾವಾ ಅದರ ಬರವಣಿಗೆಯ ರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ನಮ್ಮ ಕಾಲೇಜುಗಳಿಗೆ ತಲುಪಿದ್ದು ಈ ಮೂರನೆಯ ಎಳೆ. ಅದರ ಸಿಂಟ್ಯಾಕ್ಸ್ (ಬರವಣಿಗೆಯ ನಿಯಮಗಳು) ಬಂತು, ಹಿಂದಿನ ಎರಡು ಎಳೆಗಳ ಪ್ರಶ್ನೆಗಳು ದಾರಿಯಲ್ಲೇ ಉಳಿದವು.

ನಾಲ್ಕನೆಯ ಹೆಸರೊಂದನ್ನು ಸೇರಿಸದೆ ಮುಂದೆ ಹೋಗಲಾರೆ, ಅದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್. ಅವರು 1972ರಲ್ಲಿ ಪ್ರಕಟಿಸಿದ ಪ್ರಬಂಧ ಯಾವ ಆಬ್ಜೆಕ್ಟ್ ಭಾಷೆಯ ಬಗ್ಗೆಯೂ ಅಲ್ಲ. ಸಾಲುಗಳನ್ನು ಓದಿ, ಮೊದಲ ಪದವನ್ನು ಕೊನೆಗೆ ಕಳಿಸುತ್ತ ಪದಗಳನ್ನು ಸುತ್ತಿಸಿ, ಅಕಾರಾದಿಯಾಗಿ ಜೋಡಿಸಿ ಮುದ್ರಿಸುವ ಒಂದು ಸಣ್ಣ ಸೂಚಿ ಪ್ರೋಗ್ರಾಮನ್ನು ಅವರು ಎರಡು ಬಗೆಯಲ್ಲಿ ಭಾಗ ಮಾಡಿ ತೋರಿಸಿದರು. ಓದುವುದು, ಸುತ್ತಿಸುವುದು, ಜೋಡಿಸುವುದು, ಮುದ್ರಿಸುವುದು ಎಂದು ಕೆಲಸದ ಹಂತಗಳ ಪ್ರಕಾರ ಭಾಗ ಮಾಡುವುದು ಒಂದು ಬಗೆ. ಬದಲಾಗಬಹುದಾದ ಪ್ರತಿ ನಿರ್ಧಾರವನ್ನೂ ಒಂದೊಂದು ಮಾಡ್ಯೂಲಿನೊಳಗೆ (ಪ್ರೋಗ್ರಾಮಿನ ಬಿಡಿ ಭಾಗದೊಳಗೆ) ಅಡಗಿಸಿಡುವುದು ಇನ್ನೊಂದು ಬಗೆ. ಎರಡೂ ಒಂದೇ ಫಲಿತಾಂಶ ಕೊಡುತ್ತವೆ. ಆದರೆ ಸಾಲುಗಳನ್ನು ಮೆಮೊರಿಯಲ್ಲಿ ಇಡುವ ರೀತಿಯನ್ನು ಬದಲಿಸಬೇಕಾದರೆ ಮೊದಲನೆಯದರಲ್ಲಿ ಎಲ್ಲ ಮಾಡ್ಯೂಲುಗಳನ್ನೂ ಮುಟ್ಟಬೇಕಾಗುತ್ತದೆ, ಎರಡನೆಯದರಲ್ಲಿ ಒಂದನ್ನು ಮಾತ್ರ. ಎನ್‌ಕ್ಯಾಪ್ಸುಲೇಷನ್ ಎಂದರೆ ಡೇಟಾ ಮತ್ತು ಫಂಕ್ಷನ್ನುಗಳನ್ನು ಒಂದೇ ಕಡೆ ಕಟ್ಟುವುದು ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕಗಳೇನೋ ಬರುತ್ತವೆ. ಕಟ್ಟುವುದರಿಂದ ಆಗುವ ಲಾಭವೇನು ಎಂಬುದಕ್ಕೆ ಮಾತ್ರ ಪಾರ್ನಸ್ ಅವರ ಬಳಿಗೇ ಹೋಗಬೇಕು.

ಈಗ ಯಾರ್ಡಿಗೆ ಮರಳೋಣ. ನಮ್ಮ ಪ್ರೋಗ್ರಾಮಿನಲ್ಲಿ ಏನೇನು ಬದಲಾಗಬಹುದು? ತೂಕದ ಅಳತೆ, ತೇವಾಂಶದ ನಿಯಮ, ಮಾರುಕಟ್ಟೆ ಶುಲ್ಕದ ದರ, ತೂಕ ಬರುವ ಯಂತ್ರ, ಬಿಲ್ಲಿನ ನಮೂನೆ. ಇವು ಒಂದೊಂದೂ ಒಂದೊಂದು ಆಬ್ಜೆಕ್ಟಿನೊಳಗೆ ಅಡಗಬೇಕಾದ ನಿರ್ಧಾರಗಳು.

ತೂಕದಿಂದಲೇ ಆರಂಭಿಸುತ್ತೇನೆ, ಅದು ಎಲ್ಲರೂ ನಿರ್ಲಕ್ಷಿಸುವ ವಿಷಯ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ದರವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಮಾತನಾಡುವುದು ರೂಢಿ, ಸರ್ಕಾರ ಬೆಂಬಲ ಬೆಲೆಯನ್ನು ಘೋಷಿಸುವುದು ಕ್ವಿಂಟಲ್ ಲೆಕ್ಕದಲ್ಲಿ. ರೈತ ಮಾರುವ ಹತ್ತಿ ಕ್ವಿಂಟಲ್‌ನಲ್ಲಿ, ಜಿನ್ನಿಂಗ್ ಆಗಿ ಹೊರಬರುವ ಅರಳೆ 170 ಕಿಲೋ ಬೇಲಿನಲ್ಲಿ, ಲಾರಿ ತೂಗುವ ವೇಬ್ರಿಡ್ಜ್ ಹೇಳುವುದು ಕಿಲೋದಲ್ಲಿ. ಪ್ರೋಗ್ರಾಮಿನಲ್ಲಿ ಇವೆಲ್ಲವೂ ಬರೀ ಡಬಲ್ ಎಂಬ ದಶಮಾಂಶ ಸಂಖ್ಯೆಗಳು, ಕೋಡನ್ನು ಪರಿಶೀಲಿಸಿ ಯಂತ್ರಕ್ಕೆ ತಕ್ಕಂತೆ ಅನುವಾದಿಸುವ ಕಂಪೈಲರ್ ಅವುಗಳ ನಡುವೆ ಭೇದ ಕಾಣುವುದಿಲ್ಲ. 2025-26ರ ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ, ಅಂದರೆ 75 ಕಿಲೋ ಚೀಲಕ್ಕೆ 1,776 ರೂಪಾಯಿ 75 ಪೈಸೆ. ಚೀಲದ ದರವನ್ನು ಕ್ವಿಂಟಲ್‌ಗಳ ಸಂಖ್ಯೆಯಿಂದ ಗುಣಿಸಿದರೆ ರೈತನಿಗೆ ಸರಿಯಾಗಿ ಕಾಲು ಭಾಗ ಕಡಿಮೆ ಹಣ ಸಲ್ಲುತ್ತದೆ, ಪ್ರೋಗ್ರಾಂ ಯಾವ ಎರರನ್ನೂ ತೋರಿಸುವುದಿಲ್ಲ. ತೂಕ ಎಂಬುದನ್ನೇ ಒಂದು ಸಣ್ಣ ಕ್ಲಾಸ್ ಮಾಡಿ, ಒಳಗೆ ಗ್ರಾಂಗಳ ಪೂರ್ಣಾಂಕ ಇಟ್ಟು, ಅದನ್ನು ಹುಟ್ಟಿಸುವಾಗಲೇ ಕಿಲೋದಿಂದ, ಕ್ವಿಂಟಲ್‌ನಿಂದ, ಬೇಲಿನಿಂದ ಎಂದು ಹೇಳಲೇಬೇಕಾದಂತೆ ಬರೆಯಿರಿ. ದರವೂ ಹಾಗೆಯೇ ತಾನು ಯಾವ ಅಳತೆಗೆ ಎಂಬುದನ್ನು ತನ್ನೊಳಗೆ ಇಟ್ಟುಕೊಳ್ಳಲಿ. ದರಕ್ಕೆ ತೂಕವನ್ನು ಕೊಟ್ಟರೆ ಹಣ ಬರಬೇಕು, ಬರೀ ಸಂಖ್ಯೆಯನ್ನು ಕೊಟ್ಟರೆ ಪ್ರೋಗ್ರಾಂ ಕಂಪೈಲೇ ಆಗಬಾರದು. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಅಥವಾ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಆಗಿ ಇಡುವುದೂ ಇದೇ ಜಾಗದ ಕೆಲಸ. ಇಲ್ಲಿ ಇನ್‌ಹೆರಿಟೆನ್ಸ್ ಇಲ್ಲ, ಡಿಸೈನ್ ಪ್ಯಾಟರ್ನ್ ಇಲ್ಲ. ಆದರೂ ಇವತ್ತು ನಾನು ಹೇಳುವುದರಲ್ಲಿ ನಾಳೆ ಬೆಳಿಗ್ಗೆಯೇ ನಿಮ್ಮ ಕೋಡಿಗೆ ಉಪಯೋಗವಾಗುವಂಥದ್ದು ಯಾವುದಾದರೂ ಇದ್ದರೆ ಇದೇ.

ಇನ್ನು ಲಾಟ್. ಗೆಟ್ಟರ್ ಸೆಟ್ಟರ್‌ಗಳನ್ನು ಎಡಿಟರೇ ಬರೆದುಕೊಡುತ್ತದೆ ಎಂಬ ಕಾರಣಕ್ಕೆ ಎಲ್ಲ ಫೀಲ್ಡುಗಳಿಗೂ ಅವನ್ನು ಇಡುವ ಅಭ್ಯಾಸ ನಮಗಿದೆ. ಫೀಲ್ಡನ್ನು ಪ್ರೈವೇಟ್ ಎಂದು ಘೋಷಿಸಿ ಸೆಟ್ಟರನ್ನು ಪಬ್ಲಿಕ್ ಮಾಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬೀಗದಲ್ಲೇ ಬಿಟ್ಟು ಹೋದಂತೆ. ಯಾರ್ಡಿನಲ್ಲಿ ಯಾರೂ ಲಾಟಿನ ದರವನ್ನು ಸೆಟ್ ಮಾಡುವುದಿಲ್ಲ. ಟೆಂಡರ್ ಘೋಷಣೆಯಾಗುತ್ತದೆ, ರೈತ ಒಪ್ಪುತ್ತಾನೆ ಅಥವಾ ನಿರಾಕರಿಸುತ್ತಾನೆ, ತೂಕವಾಗುತ್ತದೆ. ಲಾಟಿಗೆ ಕಳಿಸಬೇಕಾದ ಸಂದೇಶಗಳು ಇವೇ. ಪ್ರತಿ ಸಂದೇಶ ಬಂದಾಗಲೂ ಆಗ ಅದು ಸಲ್ಲುತ್ತದೆಯೇ ಎಂದು ಲಾಟೇ ನಿರ್ಧರಿಸಲಿ. ರೈತ ಇನ್ನೂ ಒಪ್ಪದ ಲಾಟಿಗೆ ಬಿಲ್ ಮಾಡು ಎಂದರೆ ಅದು ನಿರಾಕರಿಸಬೇಕು. ಬಿಲ್ ಆದ ಮೇಲೆ ತೂಕ ತಿದ್ದಲು ಹೋದರೆ ಒಪ್ಪದೆ, ತಿದ್ದುಪಡಿಯನ್ನು ಪ್ರತ್ಯೇಕ ದಾಖಲೆಯಾಗಿ ಕೇಳಬೇಕು. ಈ ನಿಯಮಗಳು ಬಟನ್ನುಗಳ ಹಿಂದೆ ಚದುರಿದ್ದರೆ ಹೊಸ ಮೊಬೈಲ್ ಆ್ಯಪ್ ಬರೆದ ದಿನ ಅವೆಲ್ಲವೂ ಮತ್ತೊಮ್ಮೆ ಬರೆಯಲ್ಪಡುತ್ತವೆ ಅಥವಾ ಬರೆಯಲ್ಪಡದೆ ಉಳಿಯುತ್ತವೆ. ಅಲನ್ ಕೇ ಸಂದೇಶಗಳಿಗೆ ಅಷ್ಟು ಒತ್ತು ಕೊಟ್ಟದ್ದೇಕೆ ಎಂಬುದು ನನಗೆ ಅರ್ಥವಾಗುವುದು ಈ ಬಗೆಯ ಕೋಡನ್ನು ನೋಡಿದಾಗಲೇ.

ತೇವಾಂಶದ ನಿಯಮಕ್ಕೆ ಬರೋಣ, ಪಾಲಿಮಾರ್ಫಿಸಂ, ಅಂದರೆ ಒಂದೇ ಸಂದೇಶಕ್ಕೆ ಬೇರೆ ಬೇರೆ ಆಬ್ಜೆಕ್ಟುಗಳು ತಮ್ಮದೇ ರೀತಿಯಲ್ಲಿ ಉತ್ತರಿಸುವುದು, ಇಲ್ಲಿದೆ. ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಹತ್ತಿ ಕೊಳ್ಳುವಾಗ ಶೇ 8ರಷ್ಟು ತೇವಾಂಶವನ್ನು ಆಧಾರವಾಗಿ ಹಿಡಿಯುತ್ತದೆ. ಅಲ್ಲಿಂದ ಶೇ 12ರವರೆಗೆ ಪ್ರತಿ ಒಂದು ಶೇಕಡಾ ಅಂಶಕ್ಕೂ ಬೆಲೆಯಲ್ಲಿ ಶೇ 1 ಕಡಿತವಾಗುತ್ತದೆ, 12 ದಾಟಿದರೆ ಕೊಳ್ಳುವುದಿಲ್ಲ. 2025-26ರಲ್ಲಿ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ, ಆದ್ದರಿಂದ ಶೇ 10ರಷ್ಟು ತೇವಾಂಶವಿರುವ ಲಾಟಿಗೆ 7,947 ರೂಪಾಯಿ 80 ಪೈಸೆ ಸಿಗುತ್ತದೆ. ಬೆಂಬಲ ಬೆಲೆಯ ಭತ್ತಕ್ಕೆ ಶೇ 17ರ ಮಿತಿ ಇದೆ. ಟೆಂಡರಿನಲ್ಲಿ ಮಾರಾಟವಾದರೆ ಸೂತ್ರವೇ ಇಲ್ಲ, ಖರೀದಿದಾರ ಅಂಡಿಗೆಯೊಳಗೆ (ಹತ್ತಿ ತುಂಬಿದ ಚೀಲದೊಳಗೆ) ಕೈ ಹಾಕಿ ನೋಡಿದಾಗಲೇ ತೇವಾಂಶದ ಲೆಕ್ಕ ಅವನ ದರದಲ್ಲಿ ಸೇರಿಹೋಗಿರುತ್ತದೆ.

ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ಇದನ್ನು ಬರೆಯಲು ಕೂತರೆ ಏನಾಗುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸಿದೆ. ಲಾಟ್ ಎಂಬ ತಾಯಿ ಕ್ಲಾಸು, ಅದರ ಕೆಳಗೆ ಹತ್ತಿಲಾಟ್, ಭತ್ತಲಾಟ್, ತೊಗರಿಲಾಟ್. ಮಾರಾಟದ ಬಗೆ ಎರಡಿರುವುದರಿಂದ ಹತ್ತಿಬೆಂಬಲಲಾಟ್, ಹತ್ತಿಟೆಂಡರ್‌ಲಾಟ್, ಭತ್ತಬೆಂಬಲಲಾಟ್, ಹೀಗೆ. ಯಾರ್ಡಿನ ಹೊರಗೆ ನೇರ ಖರೀದಿಯೂ ಇದೆ ಎಂದು ಗಿರಾಕಿ ಹೇಳಿದ ದಿನ ಪ್ರತಿ ಬೆಳೆಗೂ ಮತ್ತೊಂದು ಕ್ಲಾಸ್ ಹುಟ್ಟುತ್ತದೆ. ಇನ್ನೂ ತೊಡಕಿನ ಸಂಗತಿಯೆಂದರೆ, ಬೆಂಬಲ ಬೆಲೆಗೆಂದು ಬಂದ ಲಾಟು ತೇವಾಂಶ ಹೆಚ್ಚಾಗಿ ತಿರಸ್ಕೃತವಾಗಿ ಅದೇ ದಿನ ಟೆಂಡರಿಗೆ ಹೋಗಬಹುದು. ಹುಟ್ಟಿದ ಆಬ್ಜೆಕ್ಟಿನ ಕ್ಲಾಸನ್ನು ಜಾವಾದಲ್ಲಿ ಬದಲಿಸಲಾಗುವುದಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಸೃಷ್ಟಿಸಿದರೆ ಲಾಟ್ ನಂಬರಿನ ಇತಿಹಾಸ ತುಂಡಾಗುತ್ತದೆ.

ಬೇರೆ ದಾರಿ ಸರಳವಾಗಿದೆ. ಲಾಟ್ ಒಂದೇ ಕ್ಲಾಸಾಗಿರಲಿ. ಬೆಲೆನಿಯಮ ಎಂಬ, ಯಾವ ಸಂದೇಶಕ್ಕೆ ಉತ್ತರಿಸಬೇಕೆಂದು ಮಾತ್ರ ಹೇಳುವ ಇಂಟರ್‌ಫೇಸ್ ಇರಲಿ, ಅದಕ್ಕಿರುವುದು ಒಂದೇ ಸಂದೇಶ: ಈ ತೇವಾಂಶದ, ಈ ಗುಣಮಟ್ಟದ ಮಾಲಿಗೆ ದರವೆಷ್ಟು? ಹತ್ತಿಯ ಬೆಂಬಲ ಬೆಲೆಯ ನಿಯಮ ಒಂದು ಆಬ್ಜೆಕ್ಟು, ಭತ್ತದ್ದು ಇನ್ನೊಂದು, ಟೆಂಡರ್ ನಿಯಮ ಮತ್ತೊಂದು. ಲಾಟಿನ ಬಳಿ ಒಂದು ನಿಯಮ ಇರುತ್ತದೆ, ತಿರಸ್ಕೃತವಾಗಿ ಟೆಂಡರಿಗೆ ಹೋದರೆ ಆ ನಿಯಮವನ್ನು ಮಾತ್ರ ಬದಲಿಸಿದರಾಯಿತು. ಲಾಟ್ ತನ್ನ ಬೆಲೆಯನ್ನು ತಾನೇ ಹೇಳುತ್ತದೆ, ಹೇಗೆ ಹೇಳಬೇಕೆಂದು ನಿಯಮವನ್ನು ಕೇಳಿಕೊಳ್ಳುತ್ತದೆ, ಬಿಲ್ಲಿಗೂ ವರದಿಗೂ ಎಸ್ಸೆಮ್ಮೆಸ್ಸಿಗೂ ಬೆಳೆ ಯಾವುದೆಂದು ವಿಚಾರಿಸುವ ಕಾರಣವೇ ಉಳಿಯುವುದಿಲ್ಲ. ಇದನ್ನೇ ಕಾಂಪೊಸಿಷನ್ ಎನ್ನುತ್ತಾರೆ. ಕ್ಲಾಸಿನಿಂದ ಕ್ಲಾಸನ್ನು ಹುಟ್ಟಿಸುವುದಕ್ಕಿಂತ ಆಬ್ಜೆಕ್ಟಿನೊಳಗೆ ಆಬ್ಜೆಕ್ಟನ್ನು ಇಟ್ಟುಕೊಳ್ಳುವುದು ಲೇಸು ಎಂಬ ಸಲಹೆ 1990ರ ದಶಕದಿಂದಲೂ ಇದೆ, ಆದರೂ ಅದು ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಳನ್ನು ಇನ್ನೂ ತಲುಪಿದಂತಿಲ್ಲ.

ಇನ್‌ಹೆರಿಟೆನ್ಸ್ ಎಲ್ಲಿ ಎಡವುತ್ತದೆ ಎಂಬುದಕ್ಕೆ ಜಾವಾದ ಸ್ವಂತ ಲೈಬ್ರರಿಯಲ್ಲೇ ಸಾಕ್ಷಿ ಇದೆ. ಮೊದಲ ಆವೃತ್ತಿಯಿಂದ ಇರುವ ಸ್ಟ್ಯಾಕ್ ಕ್ಲಾಸು ಪಟ್ಟಿಯಂತಿರುವ ವೆಕ್ಟರ್ ಕ್ಲಾಸಿನ ಸಬ್‌ಕ್ಲಾಸು. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು ಎಂಬುದು ಸ್ಟ್ಯಾಕಿನ ಒಂದೇ ಒಂದು ಶಿಸ್ತು. ವೆಕ್ಟರಿನಿಂದ ಬಂದ ಮೆಥಡ್‌ಗಳ ಮೂಲಕ ಯಾರು ಬೇಕಾದರೂ ಅದರ ನಡುವೆ, ತಳದಲ್ಲಿ, ಎಲ್ಲಿ ಬೇಕಾದರೂ ವಸ್ತುವನ್ನು ತೂರಿಸಬಹುದು. ನಾಲ್ಕು ಸಾಲು ಕೋಡ್ ಉಳಿಸಲು ಹೋಗಿ ಶಿಸ್ತೇ ಕಳೆದುಹೋಯಿತು. ಹಳೆಯ ಪ್ರೋಗ್ರಾಮುಗಳು ಮುರಿಯುತ್ತವೆ ಎಂಬ ಕಾರಣಕ್ಕೆ ಅದನ್ನು ಸರಿಪಡಿಸಲಾಗಿಲ್ಲ, ಅದರ ಬದಲು ಡೆಕ್ ಇಂಟರ್‌ಫೇಸನ್ನು ಬಳಸಿ ಎಂದು ಜಾವಾದ ದಸ್ತಾವೇಜೇ ಸೂಚಿಸುತ್ತದೆ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೊವ್ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕುರಿತ 1987ರ ಊಪ್ಸ್‌ಲಾ ಸಮ್ಮೇಳನದ ಭಾಷಣದಲ್ಲಿ ಈ ಬಗೆಯ ತಪ್ಪಿಗೆ ಅಳತೆಗೋಲು ಕೊಟ್ಟರು. ತಾಯಿ ಕ್ಲಾಸಿನ ಆಬ್ಜೆಕ್ಟನ್ನು ನಂಬಿ ಬರೆದ ಪ್ರೋಗ್ರಾಮಿಗೆ ಮಗುವಿನ ಕ್ಲಾಸಿನ ಆಬ್ಜೆಕ್ಟನ್ನು ಕೊಟ್ಟರೆ, ಆ ಪ್ರೋಗ್ರಾಮಿನ ನಡವಳಿಕೆ ಕೆಡಬಾರದು. ಮೆಥಡ್‌ಗಳ ಹೆಸರು ಹೊಂದಿದರೆ ಸಾಲದು, ಕೊಟ್ಟ ಮಾತೂ ಹೊಂದಬೇಕು. ಮೆಥಡ್‌ಗಳ ಹೆಸರನ್ನು ಕಂಪೈಲರ್ ಪರೀಕ್ಷಿಸುತ್ತದೆ, ಮಾತನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. 2009ರಲ್ಲಿ ಪ್ರಕಟವಾದ ಗೋ ಭಾಷೆಯಲ್ಲಾಗಲೀ, 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಾಗಲೀ ಕ್ಲಾಸುಗಳ ಇನ್‌ಹೆರಿಟೆನ್ಸೇ ಇಲ್ಲ, ಪಾಲಿಮಾರ್ಫಿಸಂ ಮಾತ್ರ ಎರಡರಲ್ಲೂ ಇದೆ. ಹೊಸ ಭಾಷೆ ರೂಪಿಸುವವರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಕೈಬಿಟ್ಟರು ಎಂಬುದು ನನ್ನ ವಾದಕ್ಕೆ ಸ್ವಲ್ಪ ಬಲ ಕೊಡುತ್ತದೆ ಎಂದುಕೊಂಡಿದ್ದೇನೆ.

ವೇಬ್ರಿಡ್ಜ್‌ನ ವಿಷಯವನ್ನು ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆಯುವವರಿಗಾಗಿಯೇ ಸೇರಿಸಿದ್ದೇನೆ. ತೂಕ ತೋರಿಸುವ ಇಂಡಿಕೇಟರ್, ಕಂಪ್ಯೂಟರಿಗೆ ಕೇಬಲ್ ಜೋಡಿಸುವ ಸೀರಿಯಲ್ ಪೋರ್ಟಿನ ಮೂಲಕ ಒಂದೇ ಸಮನೆ ಅಕ್ಷರಗಳ ಸಾಲುಗಳನ್ನು ಕಳಿಸುತ್ತಿರುತ್ತದೆ. ಒಂದು ಕಂಪನಿಯ ಯಂತ್ರ ಮುಂದೆ ಸೊನ್ನೆಗಳನ್ನು ತುಂಬುತ್ತದೆ, ಇನ್ನೊಂದು ಖಾಲಿ ಜಾಗ ಬಿಡುತ್ತದೆ, ಮತ್ತೊಂದು ಲಾರಿ ಇನ್ನೂ ಅಲುಗಾಡುತ್ತಿದೆಯೇ ನಿಂತಿದೆಯೇ ಎಂಬುದನ್ನು ಒಂದು ಅಕ್ಷರದಲ್ಲಿ ಸೂಚಿಸುತ್ತದೆ. ಈ ವಿವರಗಳು ಬಿಲ್ಲಿನ ಫಾರ್ಮಿನೊಳಗೆ ಸೇರಿದ್ದರೆ ಮಿಲ್ಲಿನ ಮಾಲೀಕ ಯಂತ್ರ ಬದಲಿಸಿದ ದಿನ ಬಿಲ್ಲಿನ ಕೋಡೂ ಬದಲಾಗುತ್ತದೆ. ತೂಕಮೂಲ ಎಂಬ ಇಂಟರ್‌ಫೇಸಿಗೆ ಸ್ಥಿರವಾದ ತೂಕವನ್ನು ಕೊಡು ಎಂಬ ಒಂದೇ ಸಂದೇಶ ಸಾಕು, ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಕ್ಲಾಸು ಅದರ ಹಿಂದೆ ನಿಲ್ಲಲಿ. ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕ ಕಳೆದು ನಿವ್ವಳ ತೂಕ ಪಡೆಯುವುದು ಯಂತ್ರದ ಕೆಲಸವಲ್ಲ, ಅದು ತೂಕಚೀಟಿ ಎಂಬ ಬೇರೆ ಆಬ್ಜೆಕ್ಟಿನ ಹೊಣೆ. ಹೀಗೆ ಮಾಡಿದರೆ ಮನೆಯಲ್ಲಿ ಕೂತು ಪರೀಕ್ಷೆ ಬರೆಯುವಾಗ ನಾವು ಹೇಳಿದ ತೂಕವನ್ನೇ ಕೊಡುವ ನಕಲಿ ತೂಕಮೂಲವೊಂದನ್ನು ಜೋಡಿಸಬಹುದು. ಲಾರಿ ತೂಗುವ ಮೊದಲೇ ಕೇಬಲ್ ಕಳಚಿದರೆ ಪ್ರೋಗ್ರಾಂ ಏನು ಮಾಡುತ್ತದೆ ಎಂಬುದನ್ನು ಮಿಲ್ಲಿನ ಅಂಗಳದಲ್ಲಿ ಮಾಲೀಕನ ಎದುರು ನಿಂತು ಕಂಡುಕೊಳ್ಳುವ ಪ್ರಮೇಯ ಬರುವುದಿಲ್ಲ.

ಮಾರುಕಟ್ಟೆ ಶುಲ್ಕದ ಬಗ್ಗೆ ಒಂದೇ ಮಾತು. ದರವನ್ನು ಒಂದು ಸ್ಥಿರ ಸಂಖ್ಯೆಯಾಗಿ ಎಲ್ಲೋ ಬರೆದಿಟ್ಟರೆ ದರ ಬದಲಾದ ಮರುದಿನ ಹಳೆಯ ಬಿಲ್ಲನ್ನು ಮರುಮುದ್ರಿಸಿದಾಗ ಹೊಸ ದರ ಬೀಳುತ್ತದೆ. ದಿನಾಂಕ ಕೊಟ್ಟರೆ ಆ ದಿನ ಜಾರಿಯಲ್ಲಿದ್ದ ದರ ಹೇಳುವ ಆಬ್ಜೆಕ್ಟ್ ಇದ್ದರೆ ಆ ಗೊಂದಲವಿಲ್ಲ.

ಈ ಪದ್ಧತಿಗೆ ಮಿತಿಯೂ ಇದೆ, ಅದನ್ನು ಮುಚ್ಚಿಟ್ಟು ಮಾತು ಮುಗಿಸುವುದು ಸರಿಯಲ್ಲ. ಬೆಳೆಗಳನ್ನು ಅಡ್ಡಸಾಲುಗಳಲ್ಲಿ, ಅವುಗಳ ಮೇಲೆ ಮಾಡುವ ಕೆಲಸಗಳನ್ನು ಕಂಬಸಾಲುಗಳಲ್ಲಿ ಬರೆದ ಕೋಷ್ಟಕವೊಂದನ್ನು ಕಲ್ಪಿಸಿಕೊಳ್ಳಿ. ಆಬ್ಜೆಕ್ಟುಗಳಲ್ಲಿ ಬರೆದರೆ ಹೊಸ ಬೆಳೆ ಸೇರಿಸುವುದು ಸುಲಭ, ಒಂದು ಹೊಸ ಕ್ಲಾಸ್ ಬರೆದರಾಯಿತು. ಹೊಸ ಕೆಲಸ ಸೇರಿಸಬೇಕಾದರೆ ಇರುವ ಎಲ್ಲ ಕ್ಲಾಸುಗಳನ್ನೂ ತೆರೆಯಬೇಕು. ಫಂಕ್ಷನ್ನುಗಳನ್ನೇ ಆಧಾರವಾಗಿಟ್ಟುಕೊಂಡ ಫಂಕ್ಷನಲ್ ಭಾಷೆಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ವಾಡ್ಲರ್ 1998ರಲ್ಲಿ ಇದಕ್ಕೆ ಎಕ್ಸ್‌ಪ್ರೆಷನ್ ಪ್ರಾಬ್ಲಂ ಎಂದು ಹೆಸರಿಟ್ಟರು. ನಮ್ಮ ಯಾರ್ಡಿಗೆ ಹೊಸ ಬೆಳೆ ಬರುವುದು ಅಪರೂಪ, ಹೊಸ ವರದಿ ಕೇಳುವವರು ಮಾತ್ರ ಪ್ರತಿ ತಿಂಗಳೂ ಬರುತ್ತಾರೆ. ಹಾಗಿರುವಾಗ ಪ್ರತಿ ವರದಿಗೂ ಒಂದೊಂದು ಮೆಥಡನ್ನು ಎಲ್ಲ ಕ್ಲಾಸುಗಳಿಗೂ ಸೇರಿಸುತ್ತ ಹೋಗುವುದು ಜಾಣತನವಲ್ಲ. ಜಾವಾ 17ರಲ್ಲಿ ನೆಲೆಗೊಂಡ, ತಮ್ಮಿಂದ ಯಾವ ಕ್ಲಾಸುಗಳು ಹುಟ್ಟಬಹುದೆಂದು ಮೊದಲೇ ಹೇಳಿಡುವ ಸೀಲ್ಡ್ ಕ್ಲಾಸುಗಳು, 2023ರ ಜಾವಾ 21ರಲ್ಲಿ ನೆಲೆಗೊಂಡ, ಆಬ್ಜೆಕ್ಟಿನ ಪ್ರಕಾರ ನೋಡಿ ಕವಲೊಡೆಯುವ ಸ್ವಿಚ್‌ನ ಪ್ಯಾಟರ್ನ್ ಮ್ಯಾಚಿಂಗ್ ಇಂಥ ಸಂದರ್ಭಕ್ಕೆ ಒದಗುತ್ತವೆ. ಯಾವುದಾದರೂ ಒಂದು ಪ್ರಕಾರವನ್ನು ಬಿಟ್ಟರೆ ಕಂಪೈಲರೇ ಎಚ್ಚರಿಸುತ್ತದೆ. ಉದ್ದನೆಯ ಕವಲುಗಳನ್ನು ಆರಂಭದಲ್ಲಿ ಟೀಕಿಸಿದ ನಾನು ಈಗ ಅವನ್ನೇ ಸಮರ್ಥಿಸುತ್ತಿದ್ದೇನೆಯೇ ಎಂದು ಯಾರಾದರೂ ಕೇಳಬಹುದು. ಕವಲು ಒಂದೇ ಜಾಗದಲ್ಲಿದ್ದು ಕಂಪೈಲರ್ ಅದನ್ನು ಕಾಯುತ್ತಿದ್ದರೆ ನನ್ನ ತಕರಾರಿಲ್ಲ.

ಇನ್ನು ಪ್ರಶ್ನೆಗಳು. ಫಂಕ್ಷನಲ್ ಪ್ರೋಗ್ರಾಮಿಂಗ್ ಬಂದ ಮೇಲೆ ಆಬ್ಜೆಕ್ಟುಗಳನ್ನು ಕಲಿಯಬೇಕೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಮೇಲೆ ಹೇಳಿದ ತೂಕ ಮತ್ತು ಹಣದ ಕ್ಲಾಸುಗಳನ್ನು ನೋಡಿ, ಅವು ಹುಟ್ಟಿದ ಮೇಲೆ ಬದಲಾಗುವುದಿಲ್ಲ, ಕೂಡಿಸಿದರೆ ಹೊಸ ತೂಕ ಬರುತ್ತದೆ. ಇದು ಫಂಕ್ಷನಲ್ ಪದ್ಧತಿಯೇ. ಲಾಟ್ ಮಾತ್ರ ದಿನವಿಡೀ ಸ್ಥಿತಿ ಬದಲಿಸುತ್ತ ಸಾಗುವ ಸಂಗತಿ, ಅದಕ್ಕೆ ಆಬ್ಜೆಕ್ಟಿನ ರೂಪ ಒಗ್ಗುತ್ತದೆ. ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ಬಳಸಲು ಯಾರ ಅಡ್ಡಿಯೂ ಇಲ್ಲ.

ಸಣ್ಣ ಅಂಗಡಿಯ ಸಾಫ್ಟ್‌ವೇರಿಗೆ ಇಷ್ಟೆಲ್ಲ ಕ್ಲಾಸುಗಳು ಬೇಕೇ ಎಂಬುದು ಇನ್ನೊಬ್ಬರ ಪ್ರಶ್ನೆ. ಒಂದೇ ಬೆಳೆ, ಒಂದೇ ಬಗೆಯ ಮಾರಾಟ ಇರುವ ಕಡೆ ಬೆಲೆನಿಯಮದ ಇಂಟರ್‌ಫೇಸ್ ಅನಗತ್ಯ. ಎರಡನೆಯ ನಿಯಮ ನಿಜವಾಗಿ ಬಂದ ದಿನ ಅದನ್ನು ಬೇರ್ಪಡಿಸಿದರೆ ಸಾಕು. ತೂಕದ ಕ್ಲಾಸು ಮಾತ್ರ ಮೊದಲ ದಿನದಿಂದಲೇ ಇರಲಿ.

ಕೊನೆಯ ಪ್ರಶ್ನೆ ಸಿಂಧನೂರಿನಿಂದ ಬಂದ ಡೆವಲಪರ್ ಒಬ್ಬರದು. ಹಂಗಾಮಿನ ಎಲ್ಲ ಲಾಟುಗಳನ್ನು ಡೇಟಾಬೇಸಿನಿಂದ ಆಬ್ಜೆಕ್ಟುಗಳಾಗಿ ತಂದು, ಪ್ರತಿಯೊಂದನ್ನೂ ಬೆಲೆ ಕೇಳಿ ಮೊತ್ತ ಕೂಡಿಸುವ ವರದಿ ಬಹಳ ನಿಧಾನವಾಗಿದೆ, ಏನು ಮಾಡಬೇಕು? ಬಿಲ್ ಆದ ಲಾಟಿನ ಬೆಲೆ ಆಗಲೇ ನಿರ್ಧಾರವಾಗಿದೆ, ಅದನ್ನು ಮತ್ತೆ ಲೆಕ್ಕ ಹಾಕಿಸಬೇಕಾಗಿಲ್ಲ, ಹಾಕಿಸಲೂಬಾರದು. ಬಿಲ್ ಮಾಡುವಾಗ ಬಂದ ಮೊತ್ತವನ್ನು ಕೋಷ್ಟಕದಲ್ಲಿ ದಾಖಲಿಸಿ. ವರದಿಯ ಹೊತ್ತಿಗೆ ಲಾಟ್ ಆಬ್ಜೆಕ್ಟುಗಳನ್ನು ಎಬ್ಬಿಸದೆ, ತಿಂಗಳು ಮತ್ತು ಬೆಳೆಯ ಪ್ರಕಾರ ಗುಂಪು ಮಾಡಿ ಮೊತ್ತ ಕೊಡು ಎಂದು ಡೇಟಾಬೇಸಿನ ಪ್ರಶ್ನಾಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ನೇರವಾಗಿ ಡೇಟಾಬೇಸನ್ನೇ ಕೇಳಿ, ಆ ಕೆಲಸಕ್ಕೆ ಅದೇ ಸರಿ.